ರಿಯರ್ ವೀಲ್ ಡ್ರೈವ್ ಕಾರಿಗೆ ಎಲ್‌ಎಸ್‌ಡಿ ಆರಿಸುವುದು ಹೇಗೆ? ಮಲೆನಾಡಿನ ರಸ್ತೆಗೆ ಹೊಂದುವ ಸಮಗ್ರ ಮಾರ್ಗದರ್ಶಿ

"ಎಲ್‌ಎಸ್‌ಡಿ ತಂದಾಯ್ತು, ಆದ್ರೆ ಕೂರ್ತಾ ಇಲ್ಲ." ಈ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಟ್ಟಿಲ್ಲ. ಎಂಜಿನ್‌ನ ಬಲವನ್ನು ಎರಡು ಹಿಂಚಕ್ರಕ್ಕೆ ಹಂಚುವ ಗೇರ್ ಜೋಡಣೆಗೆ ಡಿಫರೆನ್ಷಿಯಲ್, ಚುಟುಕಾಗಿ ಡಿಫ್ ಅನ್ನುತ್ತಾರೆ. ಒಂದೇ ಚಕ್ರ ಜಾರಿ ಸುಮ್ಮನೆ ತಿರುಗುವುದಕ್ಕೆ ಮಿತಿ ಹಾಕುವ ಡಿಫ್ ಎಲ್‌ಎಸ್‌ಡಿ, ಅಂದರೆ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್. ಒಬ್ಬರಿಗೆ ಆಕ್ಸಲ್ ತುದಿಯ ಹಲ್ಲು, ಅಂದರೆ ಸ್ಪ್ಲೈನ್, ಹೊಂದಲಿಲ್ಲ. ಇನ್ನೊಬ್ಬರು ಬೆಂಗಳೂರಿನ ಗುಜರಿಯಿಂದ ಹೊತ್ತು ತಂದ ಡಿಫ್‌ನ ರೇಶಿಯೋನೇ ಬೇರೆ. ಮತ್ತೊಬ್ಬರು ಟೂ-ವೇ ಅನ್ನುವ ಬಗೆಯ ಎಲ್‌ಎಸ್‌ಡಿ ಹಾಕಿಸಿಕೊಂಡು ಆರಿದ್ರಾ ಮಳೆಯಲ್ಲಿ ತೀರ್ಥಹಳ್ಳಿ ರಸ್ತೆಗೆ ಇಳಿದರು. ಸ್ಟೀರಿಂಗ್ ತಿರುಗಿಸಿದರೂ ಕಾರು ನೆಟ್ಟಗೇ ಹೋಗುತ್ತದೆ ಅಂತ ಗಾಬರಿಯಾಗಿ, ಗಾಜನೂರು ದಾಟುವ ಮೊದಲೇ ಶಿವಮೊಗ್ಗಕ್ಕೆ ವಾಪಸ್ ಬಂದರು.

ಮೂವರ ತಪ್ಪೂ ಒಂದೇ. ಮೊದಲು ಕೊಂಡರು, ಆಮೇಲೆ ಕೇಳಿದರು. ಹಾಗಾಗಿ ಯಾವುದರ ನಂತರ ಯಾವುದು ಅನ್ನುವ ಕ್ರಮಕ್ಕೇ ಇಲ್ಲಿ ಜಾಸ್ತಿ ಒತ್ತು ಕೊಟ್ಟಿದ್ದೇನೆ. ಮಧ್ಯದಿಂದ ಶುರು ಮಾಡಬೇಡಿ.

ತಲೆಯಲ್ಲಿ ಇಟ್ಟುಕೊಳ್ಳಬೇಕಾದ ವಿಷಯ ಒಂದೇ ಒಂದು. ಮಾಮೂಲಿ ಡಿಫ್, ಅಂದರೆ ಓಪನ್ ಡಿಫ್, ಎರಡೂ ಹಿಂಚಕ್ರಕ್ಕೆ ಹೆಚ್ಚುಕಮ್ಮಿ ಸಮನಾದ ಟಾರ್ಕ್, ಅಂದರೆ ತಿರುಗಿಸುವ ಬಲ, ಕೊಡುತ್ತದೆ. ಒಂದು ಚಕ್ರ ಪಾಚಿಯ ಮೇಲಿದ್ದು 100 ನ್ಯೂಟನ್ ಮೀಟರ್‌ಗೇ ಜಾರಿಬಿಟ್ಟರೆ, ಒಣಗಿದ ಟಾರಿನ ಮೇಲಿರುವ ಇನ್ನೊಂದು ಚಕ್ರಕ್ಕೂ ಸಿಗುವುದು ಆ 100 ಮಾತ್ರ. ಎಂಜಿನ್ ಎಷ್ಟು ದೊಡ್ಡದಿದ್ದರೂ ಅಷ್ಟೇ. ಈ ಕಟ್ಟು ಸಡಿಲಿಸುವುದು ಎಲ್‌ಎಸ್‌ಡಿಯ ಕೆಲಸ. ಯಾವ ಎಲ್‌ಎಸ್‌ಡಿ ಎಷ್ಟು ಸಡಿಲಿಸುತ್ತದೆ, ಯಾವಾಗ ಸಡಿಲಿಸುತ್ತದೆ ಅನ್ನುವುದರ ಮೇಲೆ ಆಯ್ಕೆ ನಿಂತಿದೆ.

ಹಂತ 1: ತೊಂದರೆ ಡಿಫ್‌ನದ್ದೇ ಹೌದಾ, ನೋಡಿ

ಮೊದಲು ಟೈರ್. ಹಿಂದಿನ ಎರಡೂ ಟೈರ್ ಒಂದೇ ಕಂಪನಿ, ಒಂದೇ ಸೈಜು, ಒಂದೇ ಮಟ್ಟದ ಸವೆತ ಇರಬೇಕು. ಟೈರ್ ತಣ್ಣಗಿರುವಾಗ ಗಾಳಿ ಚೆಕ್ ಮಾಡಿ. ಗಟ್ಟಿಯಾಗಿ ಹೋದ ಐದಾರು ವರ್ಷದ ಟೈರ್ ಇಟ್ಟುಕೊಂಡು ಎಲ್‌ಎಸ್‌ಡಿ ಹುಡುಕುವುದು ಸುಮ್ನೆ ದುಡ್ಡು ದಂಡ. ಆಮೇಲೆ ಹಿಂದಿನ ಸಬ್‌ಫ್ರೇಮ್ ಬುಷ್, ಡಿಫ್ ಮೌಂಟಿಂಗ್ ಬುಷ್, ಶಾಕ್ ಅಬ್ಸಾರ್ಬರ್ ನೋಡಿಸಿ. ಕೊನೆಗೆ ವೀಲ್ ಅಲೈನ್‌ಮೆಂಟ್.

ಇದೆಲ್ಲ ಸರಿ ಇದ್ದೂ ತೊಂದರೆ ಉಳಿದರೆ ಒಂದು ಪರೀಕ್ಷೆ ಮಾಡಿ. ಘಟ್ಟದಲ್ಲಿ ಬೇಡ, ಸಾರ್ವಜನಿಕ ರಸ್ತೆಯಲ್ಲೂ ಬೇಡ. ಅನುಮತಿ ಪಡೆದ ಖಾಲಿ ಮೈದಾನ ಅಥವಾ ಯಾರದಾದರೂ ಮಿಲ್ಲಿನ ಕಾಂಕ್ರೀಟ್ ಅಂಗಳ ಸಾಕು. ಎರಡನೇ ಗೇರಿನಲ್ಲಿ ಸಣ್ಣ ವೃತ್ತ ಹಾಕಿ, ನಿಧಾನವಾಗಿ ಆಕ್ಸಿಲರೇಟರ್ ಒತ್ತಿ. ಗೆಳೆಯನನ್ನು ಹೊರಗೆ ದೂರದಲ್ಲಿ ನಿಲ್ಲಿಸಿ, ಹಿಂಚಕ್ರ ನೋಡಲು ಹೇಳಿ.

ಒಳಬದಿಯ ಚಕ್ರ ಮಾತ್ರ ಸುಮ್ಮನೆ ತಿರುಗಿ, ಆರ್‌ಪಿಎಂ ಏರಿ, ಕಾರು ಮುಂದೆ ಹೋಗದಿದ್ದರೆ ಅದು ಓಪನ್ ಡಿಫ್‌ನ ಮಿತಿ. ಎಲ್‌ಎಸ್‌ಡಿಯಿಂದ ಖಂಡಿತ ಉಪಯೋಗ ಇದೆ. ಎರಡೂ ಚಕ್ರ ಒಟ್ಟಿಗೆ ಜಾರಿ ಹಿಂಭಾಗ ಪಕ್ಕಕ್ಕೆ ಹೋದರೆ ನಿಮಗೆ ಬೇಕಿರುವುದು ಟೈರ್. ಇಲ್ಲಿ ಎಲ್‌ಎಸ್‌ಡಿ ಹಾಕಿದರೆ ತೊಂದರೆ ಜಾಸ್ತಿಯೇ ಆಗುತ್ತದೆ. ಯಾಕೆಂದರೆ ಓಪನ್ ಡಿಫ್‌ನಲ್ಲಿ ಒಂದು ಚಕ್ರ ಜಾರಿದಾಗ ಇನ್ನೊಂದು ಕಾರಿನ ಹಿಂಭಾಗವನ್ನು ಹಿಡಿದುಕೊಂಡಿರುತ್ತದೆ. ಎಲ್‌ಎಸ್‌ಡಿ ಇದ್ದರೆ ಎರಡೂ ಒಟ್ಟಿಗೆ ಹಿಡಿತ ಬಿಡಬಹುದು. ಮಳೆಗಾಲದಲ್ಲಿ ಇದು ತಮಾಷೆಯ ವಿಷಯ ಅಲ್ಲ.

ಮಧ್ಯೆ ಒಂದು ಮಾತು. ಪರೀಕ್ಷೆ ಮಾಡುವಾಗ ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ) ಪೂರ್ತಿ ಆಫ್ ಆಗಿದೆಯೇ ನೋಡಿ. ಕೆಲವು ಕಾರಿನಲ್ಲಿ ಬಟನ್ ಒಮ್ಮೆ ಒತ್ತಿದರೆ ಅರ್ಧ ಮಾತ್ರ ಆಫ್ ಆಗುತ್ತದೆ. ಪೂರ್ತಿ ಆಫ್ ಆಗಲು ಒತ್ತಿ ಹಿಡಿದುಕೊಳ್ಳಬೇಕು.

ಹಂತ 2: ಕಾರಿನ ಕೆಳಗೆ ಈಗ ಏನಿದೆ, ಬರೆದಿಟ್ಟುಕೊಳ್ಳಿ

ಇಲ್ಲಿ ಅವಸರ ಮಾಡಿದವರೇ ಜಾಸ್ತಿ ಜನ. ಬೇಕಾಗುವ ಸಾಮಾನು: ಜಾಕಿ, ಎರಡು ಗಟ್ಟಿ ಸ್ಟ್ಯಾಂಡ್, ಮುಂಚಕ್ರಕ್ಕೆ ಅಡ್ಡ ಇಡಲು ಮರದ ತುಂಡು, ಸೀಮೆಸುಣ್ಣ, ಟಾರ್ಚ್, ಒಂದು ನೋಟ್‌ಬುಕ್. ನೆಲ ಸಮತಟ್ಟಾಗಿರಲಿ. ಮಳೆಗೆ ನೆನೆದ ಜಂಬಿಟ್ಟಿಗೆ ಮಣ್ಣಿನ ಅಂಗಳದಲ್ಲಿ ಸ್ಟ್ಯಾಂಡ್ ಹೂತುಹೋಗುತ್ತದೆ. ಅಲ್ಲಿ ಈ ಕೆಲಸ ಬೇಡವೇ ಬೇಡ.

ಎರಡೂ ಹಿಂಚಕ್ರ ಎತ್ತಿ, ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಡಿ. ಒಂದು ಚಕ್ರ ಕೈಯಲ್ಲಿ ತಿರುಗಿಸಿ. ಇನ್ನೊಂದು ಉಲ್ಟಾ ತಿರುಗಿದರೆ ಓಪನ್ ಡಿಫ್ ಇರುವ ಸಾಧ್ಯತೆ ಹೆಚ್ಚು. ಅದೇ ದಿಕ್ಕಿಗೆ ತಿರುಗಿದರೆ ಒಳಗೆ ಈಗಾಗಲೇ ಪ್ಲೇಟ್ ಬಗೆಯ ಎಲ್‌ಎಸ್‌ಡಿ ಇರಬಹುದು (ಬಗೆಗಳ ವಿವರ ಹಂತ 4ರಲ್ಲಿದೆ), ಅಥವಾ ಹಿಂದಿನ ಮಾಲೀಕರು ಡಿಫ್ ವೆಲ್ಡ್ ಮಾಡಿಸಿರಬಹುದು. ಪ್ರೀಲೋಡ್, ಅಂದರೆ ಮೊದಲೇ ಕೊಟ್ಟ ಒತ್ತಡ, ಇಲ್ಲದ ಹೆಲಿಕಲ್ ಎಲ್‌ಎಸ್‌ಡಿ ಕೂಡ ಓಪನ್ ಡಿಫ್‌ನ ಹಾಗೇ ಉಲ್ಟಾ ತಿರುಗುತ್ತದೆ. ಹಾಗಾಗಿ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರು ಈ ಒಂದೇ ಪರೀಕ್ಷೆ ನಂಬಿ "ಎಲ್‌ಎಸ್‌ಡಿ ಇಲ್ಲ" ಅಂತ ತೀರ್ಮಾನ ಮಾಡಬೇಡಿ.

ಈಗ ರೇಶಿಯೋ, ಅಂದರೆ ಚಕ್ರಗಳು ಒಂದು ಸುತ್ತು ಬರಲು ಗೇರ್‌ಬಾಕ್ಸ್‌ನಿಂದ ಡಿಫ್‌ಗೆ ಬರುವ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತು ಬರಬೇಕು ಅನ್ನುವ ಲೆಕ್ಕ. ಡಿಫ್ ಮೇಲೆ ಚೀಟಿ ಅಥವಾ ಲೋಹದ ತಗಡು ಇದ್ದರೆ ಓದಿಕೊಳ್ಳಿ. ಅಳಿಸಿಹೋಗಿದ್ದರೆ ಎಣಿಸಬೇಕು. ಟೈರಿಗೊಂದು, ಪ್ರೊಪೆಲ್ಲರ್ ಶಾಫ್ಟ್‌ಗೊಂದು ಸೀಮೆಸುಣ್ಣದ ಗುರುತು ಹಾಕಿ. ಓಪನ್ ಡಿಫ್ ಆದರೆ ಒಂದು ಚಕ್ರ ಅಲುಗದಂತೆ ಹಿಡಿದು, ಇನ್ನೊಂದನ್ನು ಸರಿಯಾಗಿ ಎರಡು ಸುತ್ತು ತಿರುಗಿಸಿ. ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ರೇಶಿಯೋ. ಮೂರು ಸುತ್ತಿನ ಮೇಲೆ ಸ್ವಲ್ಪವೇ ಸ್ವಲ್ಪ ಬಂದರೆ 3.07 ಇರಬಹುದು, ಮೂರೂವರೆಗೆ ಹತ್ತಿರ ಬಂದರೆ 3.46 ಇರಬಹುದು. ಎರಡು ಸಲ ಎಣಿಸಿ, ಆಮೇಲೆ ಪಾರ್ಟ್ ನಂಬರಿನ ಜೊತೆ ತಾಳೆ ನೋಡಿ.

ಬಿಎಂಡಬ್ಲ್ಯು 3 ಸೀರೀಸ್‌ನವರಿಗೆ ಇನ್ನೂ ಎರಡು ವಿಷಯ. ಈ ಕಾರುಗಳ ಡಿಫ್‌ಗೆ 168, 188, 210 ಅಂತ ಸೈಜು ಹೇಳುತ್ತಾರೆ. ಅದು ಡಿಫ್ ಒಳಗಿನ ದೊಡ್ಡ ಗೇರಿನ, ಅಂದರೆ ಕ್ರೌನ್ ವೀಲಿನ, ವ್ಯಾಸ, ಮಿಲಿಮೀಟರಿನಲ್ಲಿ. 188ಕ್ಕೆ ಮಾಡಿದ ಎಲ್‌ಎಸ್‌ಡಿ 168ರ ಹೌಸಿಂಗ್‌ಗೆ (ಹೊರಗಿನ ಪೆಟ್ಟಿಗೆಗೆ) ಕೂರುವುದಿಲ್ಲ. ಎರಡನೆಯದು ಇನ್ನೂ ಮುಖ್ಯ. ಹಳೇ ಡಿಫ್‌ಗಳಲ್ಲಿ ಕ್ರೌನ್ ವೀಲ್ ಬೋಲ್ಟ್‌ನಲ್ಲಿ ನಿಂತಿರುತ್ತದೆ. ಆಮೇಲೆ ಬಂದ ಎಷ್ಟೋ ಡಿಫ್‌ಗಳಲ್ಲಿ ಅದನ್ನು ಹೊತ್ತು ತಿರುಗುವ ಕ್ಯಾರಿಯರ್‌ಗೆ ವೆಲ್ಡ್ ಮಾಡಿರುತ್ತಾರೆ. ವೆಲ್ಡ್ ಆಗಿದ್ದರೆ ಅದನ್ನು ಲೇತ್‌ನಲ್ಲಿ ಬಿಡಿಸಿ ಬೋಲ್ಟ್‌ಗೆ ಹೊಂದಿಸಬೇಕು, ಇಲ್ಲವೇ ಬೋಲ್ಟ್ ಇರುವ ಇನ್ನೊಂದು ಡಿಫ್ ಹುಡುಕಬೇಕು. ಹಿಂದಿನ ಕವರ್ ಬಿಚ್ಚಿ ಕಣ್ಣಾರೆ ನೋಡದೆ ಆರ್ಡರ್ ಹಾಕಬೇಡಿ.

ಕಾಂಟೆಸಾ, ಪದ್ಮಿನಿಯಂಥ ಹಳೇ ಗಾಡಿಯನ್ನು ಸ್ಪೋರ್ಟಿಯಾಗಿ ಕಟ್ಟುತ್ತಿರುವವರು ಹಾಫ್ ಶಾಫ್ಟ್ ಹೊರಗೆ ಎಳೆದು ಸ್ಪ್ಲೈನಿನ ಹಲ್ಲು ಎಣಿಸಿ, ವರ್ನಿಯರ್‌ನಲ್ಲಿ ವ್ಯಾಸ ಅಳೆಯಿರಿ. ಎರಡೂ ಬೇಕು. ಹಲ್ಲು ಹೊಂದಿ ವ್ಯಾಸ ತಪ್ಪಿದ್ದನ್ನೂ ಕಂಡಿದ್ದೇನೆ.

ಹಂತ 3: ನಿಮ್ಮ ರಸ್ತೆಯನ್ನು ಹಾಳೆಯ ಮೇಲೆ ಹಾಕಿ

ನೂರು ಕಿಲೋಮೀಟರ್ ಓಡಿಸಿದರೆ ಅದರಲ್ಲಿ ಎಷ್ಟು ಊರೊಳಗೆ, ಎಷ್ಟು ಹೆದ್ದಾರಿ, ಎಷ್ಟು ಘಟ್ಟ, ಎಷ್ಟು ಮಣ್ಣು, ಎಷ್ಟು ಟ್ರ್ಯಾಕ್? ಪ್ರಾಮಾಣಿಕವಾಗಿ ಬರೆಯಿರಿ. ವರ್ಷಕ್ಕೆ ಒಂದು ಸಲ ಆಟೋಕ್ರಾಸ್ ಸ್ಪರ್ಧೆಗೆ ಹೋಗುವವರು "ಮೋಟಾರ್‌ಸ್ಪೋರ್ಟ್" ಅಂತ ಬರೆದುಕೊಂಡರೆ, ಉಳಿದ 364 ದಿನ ಪಾರ್ಕಿಂಗ್‌ನಲ್ಲಿ ಕಟಕಟ ಸದ್ದು ಕೇಳಬೇಕಾಗುತ್ತದೆ.

ನಮ್ಮ ಕಡೆ ಲೆಕ್ಕಕ್ಕೆ ತಗೊಳ್ಳಬೇಕಾದ್ದು ಮೂರು. ಒಂದು, ಒದ್ದೆ. ಮಂಡಗದ್ದೆ ಆಸುಪಾಸಿನಲ್ಲಿ ಮರ ಕವಿದ ಕಡೆ ರಸ್ತೆಯ ಅಂಚು ಪಾಚಿಗಟ್ಟಿರುತ್ತದೆ. ಒಂದು ಚಕ್ರ ಟಾರಿನ ಮೇಲೆ, ಇನ್ನೊಂದು ಪಾಚಿಯ ಮೇಲೆ ಇರುವುದು ಇಲ್ಲಿ ದಿನನಿತ್ಯದ ಸಂಗತಿ. ಎರಡು, ಇಳಿಜಾರು. ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವುಗಳನ್ನು ಸೋಮೇಶ್ವರದ ಕಡೆಗೆ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟು, ಎಂಜಿನ್ ಬ್ರೇಕಿಂಗ್‌ನಲ್ಲೇ ಹೋಗುವುದು ಜಾಸ್ತಿ. ಆಗ ಡಿಫ್ ಹೇಗೆ ನಡೆದುಕೊಳ್ಳುತ್ತದೆ ಅನ್ನುವುದು, ಆಕ್ಸಿಲರೇಟರ್ ಒತ್ತಿದಾಗ ಏನು ಮಾಡುತ್ತದೆ ಅನ್ನುವಷ್ಟೇ ಮುಖ್ಯ. ಮೂರನೆಯದು ಮನೆಯ ದಾರಿ. ಅಡಿಕೆ ತೋಟದ ಪಕ್ಕದ ಕಚ್ಚಾ ಏರು, ಅಡ್ಡಕ್ಕೆ ಹೋದ ನೀರಿನ ಚರಂಡಿ, ಗೇಟಿನ ಹತ್ತಿರ ಓರೆ. ಅಲ್ಲಿ ಒಂದು ಹಿಂಚಕ್ರ ಗಾಳಿಯಲ್ಲಿ ನಿಲ್ಲುತ್ತದಾ? ಇದಕ್ಕೆ ಹೌದು ಅಥವಾ ಇಲ್ಲ ಅಂತ ಸ್ಪಷ್ಟವಾಗಿ ಬರೆಯಿರಿ. ಮುಂದಿನ ಹಂತದಲ್ಲಿ ಈ ಉತ್ತರವೇ ಬೇಕು.

ಹಂತ 4: ಬಗೆ ಆರಿಸಿ

ಹೆಲಿಕಲ್. ಒಳಗೆ ಓರೆ ಹಲ್ಲಿನ ಗೇರ್‌ಗಳು ಮಾತ್ರ, ಸವೆಯುವ ಪ್ಲೇಟ್ ಇಲ್ಲ. ಕ್ವೈಫ್, ಟಾರ್ಸನ್, ವೇವ್‌ಟ್ರ್ಯಾಕ್ ಹೆಸರಿನಲ್ಲಿ ಬರುವುದು ಈ ಜಾತಿ. ಸದ್ದಿಲ್ಲ, ಸ್ಟೀರಿಂಗ್ ಹಗುರವಾಗೇ ಇರುತ್ತದೆ, ನಿರ್ವಹಣೆ ಅಂದರೆ ಆಯಿಲ್ ಅಷ್ಟೇ.

ಇದಕ್ಕೆ ಟಾರ್ಕ್ ಬಯಾಸ್ ರೇಶಿಯೋ ಅಂತ ಒಂದು ಸಂಖ್ಯೆ ಇರುತ್ತದೆ. ಕಡಿಮೆ ಹಿಡಿತದ ಚಕ್ರ ತಡೆದುಕೊಳ್ಳುವ ಟಾರ್ಕ್‌ನ ಎಷ್ಟು ಪಟ್ಟು ಇನ್ನೊಂದಕ್ಕೆ ಹೋಗಬಹುದು ಅನ್ನುವ ಲೆಕ್ಕ. ಅದು 2.5 ಅಂತ ಇಟ್ಟುಕೊಳ್ಳಿ. ಪಾಚಿಯ ಮೇಲಿನ ಚಕ್ರ 100 ತಡೆದರೆ, ಟಾರಿನ ಮೇಲಿನದಕ್ಕೆ 250ರವರೆಗೆ ಹೋಗುತ್ತದೆ. ಒಟ್ಟು 350. ಓಪನ್ ಡಿಫ್‌ನಲ್ಲಿ ಇದೇ ಜಾಗದಲ್ಲಿ 200 ಇತ್ತು, ಅಲ್ವಾ? ವ್ಯತ್ಯಾಸ ಸೀಟಿನಲ್ಲಿ ಕೂತೇ ಗೊತ್ತಾಗುತ್ತದೆ.

ಆದರೆ ಚಕ್ರ ಗಾಳಿಯಲ್ಲಿದ್ದರೆ? ಸೊನ್ನೆಯನ್ನು 2.5ರಿಂದ ಗುಣಿಸಿದರೂ ಸೊನ್ನೆಯೇ. ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ, ಬುದ್ಧಿ ಬಂದಿದ್ದು ಮಾತ್ರ ತೀರ್ಥಹಳ್ಳಿ ಹತ್ತಿರದ ಗೆಳೆಯನ ಮನೆಯ ಗೇಟಿನಲ್ಲಿ. ಓರೆಯಾದ ಏರು, ಮಧ್ಯೆ ಚರಂಡಿ. ನನ್ನ ಹಳೇ 3 ಸೀರೀಸ್‌ನ ಎಡಗಡೆ ಹಿಂಚಕ್ರ ನೆಲ ಬಿಟ್ಟು ನಾಲ್ಕು ಬೆರಳು ಮೇಲೆ ನಿಂತಿತು. ಒಳಗೆ ದುಬಾರಿ ಹೆಲಿಕಲ್ ಎಲ್‌ಎಸ್‌ಡಿ. ಆಕ್ಸಿಲರೇಟರ್ ಒತ್ತಿದರೆ ಆ ಚಕ್ರ ಫ್ಯಾನಿನ ಹಾಗೆ ತಿರುಗುತ್ತಿತ್ತು, ಕಾರು ಕದಲಲಿಲ್ಲ. ಗೆಳೆಯನ ಅಪ್ಪ ಜಗಲಿಯಿಂದಲೇ "ಎಂತ ಮಾರಾಯ, ಹೊಸದು ಹಾಕ್ಸಿದ್ದೆ ಅಂದೆ?" ಅಂದರು. ಕೊನೆಗೆ ಹ್ಯಾಂಡ್‌ಬ್ರೇಕ್ ಎರಡು ಕಟಕು ಎಳೆದು ಆಕ್ಸಿಲರೇಟರ್ ಕೊಟ್ಟೆ. ಗಾಳಿಯಲ್ಲಿದ್ದ ಚಕ್ರಕ್ಕೆ ಬ್ರೇಕಿನ ತಡೆ ಸಿಕ್ಕಿತು. ಆ ತಡೆಯ 2.5 ಪಟ್ಟು ಇನ್ನೊಂದು ಚಕ್ರಕ್ಕೆ ಹೋಗಿ ಕಾರು ಮೇಲೆ ಹತ್ತಿತು. ಹ್ಯಾಂಡ್‌ಬ್ರೇಕ್ ಹಿಂಚಕ್ರಕ್ಕೆ ಇರುವ ಕಾರಿನಲ್ಲಿ ಈ ಉಪಾಯ ನಡೆಯುತ್ತದೆ. ಆದರೆ ಇದು ಬಿಡಿಸಿಕೊಳ್ಳುವುದಕ್ಕೆ ಮಾತ್ರ, ರೂಢಿ ಮಾಡಿಕೊಳ್ಳುವುದಕ್ಕಲ್ಲ. ವೇವ್‌ಟ್ರ್ಯಾಕ್‌ನಲ್ಲಿ ಹೀಗೆ ಹೊರೆ ತಪ್ಪಿದಾಗ ಒಳಗಿನ ಅಲೆಯಾಕಾರದ ಬಿಲ್ಲೆಗಳು ಒತ್ತಡ ಹುಟ್ಟಿಸಿ ಒಂದಷ್ಟು ಸಹಾಯ ಮಾಡುತ್ತವೆ.

ಪ್ಲೇಟ್. ಒಂದರ ಮೇಲೊಂದು ಜೋಡಿಸಿದ ಕ್ಲಚ್ ಪ್ಲೇಟ್‌ಗಳು, ಅವನ್ನು ಒತ್ತುವ ಇಳಿಜಾರು ಮೇಲ್ಮೈಗಳು, ಅಂದರೆ ರ‍್ಯಾಂಪ್‌ಗಳು. ಟಾರ್ಕ್ ಹೆಚ್ಚಿದಷ್ಟೂ ಪ್ಲೇಟ್‌ಗಳನ್ನು ಬಿಗಿಯಾಗಿ ಒತ್ತುತ್ತದೆ. ಸ್ಪ್ರಿಂಗ್‌ನಿಂದ ಮೊದಲೇ ಒಂದಷ್ಟು ಒತ್ತಡ ಇರುತ್ತದೆ, ಅದೇ ಪ್ರೀಲೋಡ್. ಹಾಗಾಗಿ ಒಂದು ಚಕ್ರ ಗಾಳಿಯಲ್ಲಿದ್ದರೂ ಇನ್ನೊಂದಕ್ಕೆ ಏನೋ ಒಂದಷ್ಟು ಟಾರ್ಕ್ ಸಿಗುತ್ತದೆ. ಕಸ್ಕೋ, ಕಾಜ್, ಓಎಸ್ ಗಿಕೆನ್, ಡ್ರೆಕ್ಸ್ಲರ್ ಈ ಸಾಲಿನವು. ಚಿಕ್ಕಮಗಳೂರಿನ ಕಾಫಿ ತೋಟದ ರ‍್ಯಾಲಿ ಹಂತಗಳಂಥ ಸಡಿಲ ಮಣ್ಣಿಗೆ ಇದೇ ಸರಿ. ಬೆಲೆ ತೆರಬೇಕಾದ್ದು ಸದ್ದು, ಪ್ಲೇಟ್ ಸವೆತ, ಪದೇ ಪದೇ ಆಯಿಲ್ ಬದಲಾವಣೆಯ ರೂಪದಲ್ಲಿ.

ವಿಸ್ಕಸ್. ಸಿಲಿಕೋನ್ ದ್ರವದ ಮೇಲೆ ನಡೆಯುತ್ತದೆ. ಚಕ್ರ ಜಾರಿದ ಮೇಲೆ ಹಿಡಿಯುತ್ತದೆ, ಹಳೆಯದಾದಷ್ಟು ಹಿಡಿತ ಕಳೆದುಕೊಳ್ಳುತ್ತದೆ. ಸೆಕೆಂಡ್ ಹ್ಯಾಂಡ್ ವಿಸ್ಕಸ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಲಾಕರ್, ವೆಲ್ಡ್ ಡಿಫ್. ಪೂರ್ತಿ ಲಾಕ್ ಆಗುವಂಥದ್ದು ಕೆಸರಿನ ಜೀಪಿಗೆ ಒಳ್ಳೆಯದು. ಡಿಫ್‌ನ ಒಳಗಿನ ಗೇರ್‌ಗಳನ್ನು ವೆಲ್ಡ್ ಮಾಡಿಸಿ ರಸ್ತೆಗೆ ತರುವುದಂತೂ ಬೇಡವೇ ಬೇಡ. ಪ್ರತಿ ತಿರುವಿನಲ್ಲಿ ಆಕ್ಸಲ್ ತಿರುಚಿಕೊಳ್ಳುತ್ತದೆ, ಟೈರ್ ಉಜ್ಜುತ್ತದೆ, ಒದ್ದೆಯಲ್ಲಿ ಹಿಂಭಾಗ ಹೇಳದೆ ಕೇಳದೆ ಹೊರಗೆ ಬರುತ್ತದೆ.

ನನ್ನ ತೀರ್ಪು ಹೀಗಿದೆ. ಹಾಳೆಯಲ್ಲಿ ಮುಕ್ಕಾಲು ಪಾಲು ಟಾರ್ ರಸ್ತೆ ಇದ್ದು, ಚಕ್ರ ಗಾಳಿಯಲ್ಲಿ ನಿಲ್ಲುವ ಜಾಗ ಇಲ್ಲದಿದ್ದರೆ ಕಣ್ಣು ಮುಚ್ಚಿ ಹೆಲಿಕಲ್ ತಗೊಳ್ಳಿ. ಮನೆಯ ದಾರಿಯಲ್ಲಿ ಮಾತ್ರ ಚಕ್ರ ಏಳುತ್ತದೆ ಅಂದರೂ ಹೆಲಿಕಲ್ಲೇ ಇರಲಿ, ಚರಂಡಿಗೆ ಒಂದು ಸಿಮೆಂಟ್ ಪೈಪ್ ಹಾಕಿಸಿ, ಅದು ಎಲ್‌ಎಸ್‌ಡಿಗಿಂತ ಅಗ್ಗ. ಮಣ್ಣಿನ ಆಟೋಕ್ರಾಸ್, ಟ್ರ್ಯಾಕ್ ನಿಜವಾಗಿಯೂ ಜಾಸ್ತಿ ಇದ್ದರೆ ಪ್ಲೇಟ್.

ಹಂತ 5: ಪ್ಲೇಟ್ ಅಂತಾದರೆ, ಮೂರು ಸಂಖ್ಯೆ ನಿರ್ಧರಿಸಿ

ಹೆಲಿಕಲ್ ಆರಿಸಿದವರು ಈ ಹಂತ ಬಿಟ್ಟು ಮುಂದೆ ಹೋಗಬಹುದು.

ಮೊದಲನೆಯದು ವೇ. ಒನ್-ವೇ ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಬಿಗಿಯುತ್ತದೆ, ಬಿಟ್ಟಾಗ ಪ್ರೀಲೋಡ್ ಒಂದನ್ನು ಬಿಟ್ಟರೆ ಓಪನ್ ಡಿಫ್‌ನ ಹಾಗೇ ಇರುತ್ತದೆ. ಟೂ-ವೇ ಒತ್ತಿದರೂ ಬಿಟ್ಟರೂ ಒಂದೇ ಸಮ ಬಿಗಿಯುತ್ತದೆ. 1.5-ವೇ ಒತ್ತಿದಾಗ ಪೂರ್ತಿ, ಬಿಟ್ಟಾಗ ಕಡಿಮೆ. ಅಂತರ್ಜಾಲದ ಡ್ರಿಫ್ಟ್ ವಿಡಿಯೋ ನೋಡಿ ಟೂ-ವೇ ತರುವವರೇ ಜಾಸ್ತಿ. ಘಟ್ಟ ಇಳಿಯುವಾಗ ಆಕ್ಸಿಲರೇಟರ್ ಬಿಟ್ಟಿರುತ್ತೀರಿ. ಆಗ ಟೂ-ವೇ ಎರಡೂ ಹಿಂಚಕ್ರವನ್ನು ಒಂದಕ್ಕೊಂದು ಕಟ್ಟಿಹಾಕಿ ಕಾರನ್ನು ನೆಟ್ಟಗೆ ದೂಡುತ್ತದೆ. ಮೊದಲು ಹೇಳಿದೆನಲ್ಲ, ಗಾಜನೂರಿನಿಂದ ವಾಪಸ್ ಬಂದವರ ಕಥೆ, ಅದು ಇದೇ. ರಸ್ತೆಗೆ, ಅದೂ ನಮ್ಮ ಕಡೆಯ ರಸ್ತೆಗೆ, 1.5-ವೇಗಿಂತ ಮೇಲೆ ಹೋಗಬೇಡಿ.

ಎರಡನೆಯದು ರ‍್ಯಾಂಪ್ ಕೋನ. 45/45, 30/60 ಹೀಗೆ ಬರೆದಿರುತ್ತಾರೆ. ಸಾಮಾನ್ಯ ರೂಢಿಯಲ್ಲಿ ಸಣ್ಣ ಸಂಖ್ಯೆ ಅಂದರೆ ಹೆಚ್ಚು ಬಿಗಿತ, 80 ದಾಟಿದರೆ ಬಿಗಿತ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಎಲ್ಲರೂ ಕೋನವನ್ನು ಒಂದೇ ಕಡೆಯಿಂದ ಅಳೆಯುವುದಿಲ್ಲ. ಹಾಗಾಗಿ ಮಾರುವವರನ್ನು "ಆಕ್ಸಿಲರೇಟರ್ ಕಡೆ ಯಾವುದು, ಬಿಟ್ಟಾಗ ಯಾವುದು, ಯಾವುದು ಹೆಚ್ಚು ಬಿಗಿ?" ಅಂತ ಮಾತಿನಲ್ಲೇ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ.

ಮೂರನೆಯದು ಪ್ರೀಲೋಡ್. ದಿನಬಳಕೆಯ ಕಾರಿಗೆ ನಾನಾದರೆ 50ರಿಂದ 80 ನ್ಯೂಟನ್ ಮೀಟರ್ ಒಳಗೇ ಇಡುತ್ತೇನೆ. ಜಾಸ್ತಿ ಇಟ್ಟರೆ ಶಿವಮೊಗ್ಗದ ಗಾಂಧಿ ಬಜಾರಿನ ಇಕ್ಕಟ್ಟಿನಲ್ಲಿ ಕಾರು ತಿರುಗಿಸುವಾಗ ಒಳಚಕ್ರ ಕುಪ್ಪಳಿಸುತ್ತದೆ, ಜನ ತಿರುಗಿ ನೋಡುತ್ತಾರೆ.

ಹಂತ 6: ಕೊಳ್ಳುವುದು

ಹೊಸದಾದರೆ ಬೆಲೆಗೆ ಸಾಗಣೆ, ಕಸ್ಟಮ್ಸ್ ಸುಂಕ, ಐಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. ಜೊತೆಗೆ ಎರಡು ಸೈಡ್ ಬೇರಿಂಗ್, ಆಯಿಲ್ ಸೀಲ್, ಹೊಸ ಕ್ರೌನ್ ಬೋಲ್ಟ್, ಶಿಮ್ (ಅಂತರ ಹೊಂದಿಸುವ ತೆಳು ಬಿಲ್ಲೆ) ಸೆಟ್ ಒಂದೇ ಸಲ ತರಿಸಿಕೊಳ್ಳಿ. ಕಾರು ಸ್ಟ್ಯಾಂಡ್ ಮೇಲಿದ್ದಾಗ ಒಂದು ಸೀಲ್‌ಗೋಸ್ಕರ ಹತ್ತು ದಿನ ಕಾಯುವುದು ಬೇಡ.

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ಗುಜರಿಯಲ್ಲೋ ಹಳೆಯದು ಕೊಳ್ಳುವುದಾದರೆ ಹಂತ 2ರ ನೋಟ್‌ಬುಕ್ ಕೈಯಲ್ಲಿರಲಿ. ಪ್ಲೇಟ್ ಆದರೆ ಬಿಚ್ಚಿಸಿ ನೋಡಿ. ಪ್ಲೇಟ್ ನೀಲಿಗಟ್ಟಿದ್ದರೆ ಕಾದು ಸುಟ್ಟಿದೆ ಅಂತ ಅರ್ಥ. ರ‍್ಯಾಂಪ್ ಮೇಲೆ ಗುಳಿ ಬಿದ್ದಿದ್ದರೆ ಬಿಡಿ. ಹೆಲಿಕಲ್ ಆದರೆ ಗೇರ್ ಕೂರುವ ಗೂಡಿನ ಗೋಡೆಯಲ್ಲಿ ಆಳವಾದ ಗೀರು ಇದೆಯೇ ನೋಡಿ. ಇದ್ದರೆ ಅದನ್ನು ಅಗ್ಗವಾಗಿ ರಿಪೇರಿ ಮಾಡಲು ದಾರಿ ಇಲ್ಲ.

ಪ್ಲೇಟ್ ಎಲ್‌ಎಸ್‌ಡಿ ಇನ್ನೂ ಕಾರಿನಲ್ಲೇ ಇದ್ದರೆ ಅಳೆದೇ ನೋಡಬಹುದು. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಬಿಟ್ಟು, ಬೇರೆ ಚಕ್ರಗಳಿಗೆ ಅಡ್ಡ ಇಟ್ಟು, ಒಂದು ಹಿಂಚಕ್ರ ಮಾತ್ರ ಎತ್ತಿ. ಹಬ್‌ಗೆ ಅಡಾಪ್ಟರ್ ಹಾಕಿ ಟಾರ್ಕ್ ಪಾನಾದಲ್ಲಿ ತಿರುಗಿಸಿ. ಚಕ್ರ ಕದಲುವಾಗ ಬಂದ ಸಂಖ್ಯೆಯೇ ಉಳಿದಿರುವ ಪ್ರೀಲೋಡ್. ಬೆರಳಲ್ಲಿ ದೂಡಿದರೆ ತಿರುಗುತ್ತದೆ ಅಂದರೆ ಪ್ಲೇಟ್ ಮುಗಿದಿದೆ.

ಕಾಗದದ ಕೆಲಸವನ್ನೂ ಇಲ್ಲೇ ಮುಗಿಸಿ. ವಾಹನದಲ್ಲಿ ಬದಲಾವಣೆ ಮಾಡುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅನ್ವಯಿಸುತ್ತದೆ. ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ಇನ್ಶೂರೆನ್ಸ್‌ನವರಿಗೂ ತಿಳಿಸಿ. ವಾರಂಟಿ ಇರುವ ಕಾರಾದರೆ ಅದು ಹೋಗುವ ಸಾಧ್ಯತೆ ಇದೆ.

ಹಂತ 7: ಕೂರಿಸುವುದು

ಶಿವಮೊಗ್ಗದ ಆಟೋ ಕಾಂಪ್ಲೆಕ್ಸ್‌ನಲ್ಲಿ ಲಾರಿ ಡಿಫ್ ಬಿಚ್ಚಿ ಕಟ್ಟುವ ನುರಿತ ಕೈಗಳಿವೆ. ಆದರೂ ಕಾರು ಬಿಡುವ ಮೊದಲು ಒಂದು ಪ್ರಶ್ನೆ ಕೇಳಿ: "ಡಯಲ್ ಗೇಜ್ ಇದ್ಯಾ ಮೇಸ್ತ್ರಿ?" ನಾನು ಮೊದಲು ಕೇಳಿದ ಕಡೆ "ಕೈಯೇ ಗೇಜು ಸಾರ್" ಅನ್ನುವ ಉತ್ತರ ಬಂತು. ಮಾತು ಚೆನ್ನಾಗಿತ್ತು, ಕೆಲಸವೂ ನಡೆಯಿತು. 60ರ ವೇಗದಲ್ಲಿ ಕಾರು ಊಳಿಡುತ್ತಿತ್ತು. ಎರಡನೇ ಸಲ ಬಿಚ್ಚಿಸಬೇಕಾಯಿತು.

ಬೇಕಾಗುವ ಸಲಕರಣೆ: ಮ್ಯಾಗ್ನೆಟ್ ಸ್ಟ್ಯಾಂಡ್ ಇರುವ ಡಯಲ್ ಗೇಜ್, ಟಾರ್ಕ್ ಪಾನಾ, ಬೇರಿಂಗ್ ಪುಲ್ಲರ್, ಹೈಡ್ರಾಲಿಕ್ ಪ್ರೆಸ್, ಮೈಕ್ರೋಮೀಟರ್, ಗೇರ್ ಹಲ್ಲಿಗೆ ಹಚ್ಚುವ ಮಾರ್ಕಿಂಗ್ ಪೇಸ್ಟ್, ಮತ್ತು ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನುಯಲ್.

ಕ್ರಮ ಹೀಗೆ. ಬಿಚ್ಚುವ ಮೊದಲೇ ಹಳೇ ಕ್ರೌನ್ ವೀಲ್ ಮತ್ತು ಅದನ್ನು ತಿರುಗಿಸುವ ಸಣ್ಣ ಗೇರ್ ಪಿನಿಯನ್ ನಡುವಿನ ಬ್ಯಾಕ್‌ಲ್ಯಾಶ್, ಅಂದರೆ ಹಲ್ಲುಗಳ ನಡುವಿನ ಸಡಿಲ, ಅಳೆದು ಬರೆದಿಟ್ಟುಕೊಳ್ಳಿ. ಎಡ ಬಲದ ಶಿಮ್‌ಗಳು ಅದಲುಬದಲಾಗದಂತೆ ಬೇರೆ ಬೇರೆ ಚೀಲದಲ್ಲಿ ಹಾಕಿ ಹೆಸರು ಬರೆಯಿರಿ. ಅದೇ ಹೌಸಿಂಗ್, ಅದೇ ಕ್ರೌನ್–ಪಿನಿಯನ್ ಉಳಿಸಿಕೊಳ್ಳುತ್ತಿದ್ದರೆ ಮತ್ತು ಪಿನಿಯನ್ ಬೇರಿಂಗ್ ಚೆನ್ನಾಗಿದ್ದರೆ ಪಿನಿಯನ್ ಮುಟ್ಟಬೇಡಿ. ಅದರ ಆಳ ಕಾರ್ಖಾನೆಯಲ್ಲೇ ಸರಿ ಮಾಡಿದ್ದು. ಇಷ್ಟು ಮಾಡಿದರೆ ಅರ್ಧ ತಲೆನೋವು ಕಡಿಮೆ.

ಕ್ರೌನ್ ವೀಲನ್ನು ಹೊಸ ಕ್ಯಾರಿಯರ್‌ಗೆ ಸುತ್ತಿಗೆಯಲ್ಲಿ ಬಡಿದು ಕೂರಿಸಬಾರದು. ಓವನ್‌ನಲ್ಲಿ 80ರಿಂದ 100 ಡಿಗ್ರಿಗೆ ಬಿಸಿ ಮಾಡಿದರೆ ತಾನಾಗಿ ಕೂರುತ್ತದೆ. ಗ್ಯಾಸ್ ಟಾರ್ಚ್ ಹಿಡಿಯಲು ಬಿಡಬೇಡಿ, ಹಲ್ಲಿನ ಗಡಸುತನ ಹೋಗುತ್ತದೆ. ಬೋಲ್ಟ್‌ಗಳಿಗೆ ಥ್ರೆಡ್ ಲಾಕ್ ಹಾಕಿ, ಎದುರುಬದುರಾಗಿ, ಮ್ಯಾನುಯಲ್‌ನಲ್ಲಿರುವ ಟಾರ್ಕ್‌ಗೆ ಬಿಗಿಯಿರಿ. ಬೇರಿಂಗ್ ಒತ್ತುವಾಗ ಒಳ ರಿಂಗ್ ಮೇಲೆ ಮಾತ್ರ ಒತ್ತಡ ಬೀಳಬೇಕು.

ಆಮೇಲೆ ಹೌಸಿಂಗ್‌ಗೆ ಕೂರಿಸಿ ಬ್ಯಾಕ್‌ಲ್ಯಾಶ್ ಅಳೆಯಿರಿ. ಕ್ರೌನ್ ವೀಲಿನ ನಾಲ್ಕು ಕಡೆ ಅಳೆಯಬೇಕು, ಒಂದೇ ಕಡೆ ಸಾಲದು. ಎಷ್ಟಿರಬೇಕು ಅನ್ನುವುದು ಮ್ಯಾನುಯಲ್‌ನಲ್ಲಿರುತ್ತದೆ. ಕಾರಿನ ಡಿಫ್‌ಗಳಲ್ಲಿ ಸಾಮಾನ್ಯವಾಗಿ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಒಂದು ಕಡೆಯ ಶಿಮ್ ತೆಗೆದಷ್ಟನ್ನೇ ಇನ್ನೊಂದು ಕಡೆ ಸೇರಿಸಿದರೆ ಬೇರಿಂಗ್‌ನ ಬಿಗಿತ ಬದಲಾಗದೆ ಬ್ಯಾಕ್‌ಲ್ಯಾಶ್ ಮಾತ್ರ ಬದಲಾಗುತ್ತದೆ.

ಕೊನೆಗೆ ಐದಾರು ಹಲ್ಲಿಗೆ ಪೇಸ್ಟ್ ಹಚ್ಚಿ, ಕ್ರೌನ್ ವೀಲಿಗೆ ಸ್ವಲ್ಪ ತಡೆ ಕೊಟ್ಟು, ಎರಡೂ ದಿಕ್ಕಿಗೆ ತಿರುಗಿಸಿ. ಹಲ್ಲಿನ ಮಧ್ಯಭಾಗದಲ್ಲಿ ಮೊಟ್ಟೆಯಾಕಾರದ ಗುರುತು ಮೂಡಬೇಕು. ಗುರುತು ಹಲ್ಲಿನ ತುದಿಗೆ ಹೋದರೆ ಪಿನಿಯನ್ ದೂರ ಇದೆ, ಬುಡಕ್ಕೆ ಇಳಿದರೆ ಜಾಸ್ತಿ ಒಳಗಿದೆ. ಆ ಗುರುತಿನ ಫೋಟೋ ತೆಗೆದು ಕೊಡಲು ಮೇಸ್ತ್ರಿಗೆ ಹೇಳಿ. ಫೋಟೋ ಕೊಡಲು ಹಿಂಜರಿದರೆ ನೀವೇ ಹೋಗಿ ನೋಡಿ.

ಹಂತ 8: ಆಯಿಲ್ ಮತ್ತು ಮೊದಲ 500 ಕಿಲೋಮೀಟರ್

ಆಯಿಲ್ ಬದಲಿಸುವಾಗ ಮೊದಲು ತುಂಬಿಸುವ ಪ್ಲಗ್ ಬಿಚ್ಚಿ, ಆಮೇಲೆ ಇಳಿಸುವ ಪ್ಲಗ್. ಉಲ್ಟಾ ಮಾಡಿ, ಹಳೇ ಆಯಿಲ್ ಚೆಲ್ಲಿದ ಮೇಲೆ ಮೇಲಿನ ಪ್ಲಗ್ ತುಕ್ಕು ಹಿಡಿದು ಬಿಚ್ಚದೇ ಹೋದರೆ ಕಾರು ಅಲ್ಲೇ ಉಳಿಯುತ್ತದೆ.

ಜಿಎಲ್-5 ದರ್ಜೆಯ, ಎಲ್‌ಎಸ್‌ಡಿ ತಯಾರಕರು ಹೇಳಿದ ದಪ್ಪದ ಆಯಿಲ್ ಹಾಕಿ. ಪ್ಲೇಟ್ ಬಗೆಯದಕ್ಕೆ ಫ್ರಿಕ್ಷನ್ ಮಾಡಿಫೈಯರ್ (ಪ್ಲೇಟ್‌ಗಳ ಉಜ್ಜುವಿಕೆಯನ್ನು ಹದಗೊಳಿಸಲು ಆಯಿಲ್‌ಗೆ ಸೇರಿಸುವಂಥದ್ದು) ಬೇಕೇ, ಅದು ಆಯಿಲ್‌ನಲ್ಲೇ ಸೇರಿದೆಯೇ ಅಂತ ಡಬ್ಬಿಯ ಮೇಲೆ ಓದಿ. ಹೆಲಿಕಲ್‌ಗೆ ಸಾಮಾನ್ಯವಾಗಿ ಅದು ಬೇಡ. ಗೆಳೆಯನ ಪ್ಲೇಟ್ ಡಿಫ್‌ಗೆ ನಾನೇ ಒಮ್ಮೆ ಇದನ್ನು ಮರೆತು ಮಾಮೂಲಿ ಆಯಿಲ್ ಹಾಕಿದ್ದೆ. ಪೆಟ್ರೋಲ್ ಬಂಕ್‌ನಲ್ಲಿ ತಿರುಗಿಸುವಾಗ ಹಿಂದಿನಿಂದ ಕರಕರ ಸದ್ದು, ಸೀಟಿನವರೆಗೂ ನಡುಕ. ಏನೋ ಮುರಿಯಿತು ಅಂದುಕೊಂಡೆವು. ಮಾಡಿಫೈಯರ್ ಸೇರಿಸಿ ಹತ್ತು ಸುತ್ತು ಹಾಕಿದ ಮೇಲೆ ಸದ್ದು ಹೋಯಿತು.

ಹೊಸ ಪ್ಲೇಟ್‌ಗಳನ್ನು ಪಳಗಿಸಲು ಖಾಲಿ ಜಾಗದಲ್ಲಿ ನಿಧಾನವಾಗಿ ಎಂಟರ ಆಕಾರದಲ್ಲಿ ಓಡಿಸಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿ, ಸ್ವಲ್ಪ ಬಿಡಿ. ಹದಿನೈದು ಇಪ್ಪತ್ತು ನಿಮಿಷ ಮಾಡಿ, ತಣ್ಣಗಾಗಲು ಬಿಟ್ಟು, ಮತ್ತೊಮ್ಮೆ ಮಾಡಿ. 500 ಕಿಲೋಮೀಟರ್‌ಗೆ ಮೊದಲ ಆಯಿಲ್ ಬದಲಿಸಿ. ಅಲ್ಲಿಯವರೆಗೆ ಜೋರಾಗಿ ಎಳೆಯಬೇಡಿ. ಮೊದಲ ಮಳೆಯಲ್ಲಿ ಟ್ರ್ಯಾಕ್ಷನ್ ಕಂಟ್ರೋಲ್ ಆನ್ ಇರಲಿ.

ಎಚ್ಚರಿಕೆಯ ಚಿಹ್ನೆಗಳು

ಎಲ್ಲಕ್ಕಿಂತ ಮೊದಲು, ಜೀವಕ್ಕೆ ಸಂಬಂಧಿಸಿದ್ದು. ಎಲ್‌ಎಸ್‌ಡಿ ಇರುವ ಕಾರಿನ ಒಂದು ಹಿಂಚಕ್ರ ಮಾತ್ರ ಎತ್ತಿ ಎಂಜಿನ್ ಚಾಲೂ ಮಾಡಿ ಗೇರ್ ಹಾಕಬಾರದು. ನೆಲದ ಮೇಲಿರುವ ಚಕ್ರಕ್ಕೂ ಟಾರ್ಕ್ ಹೋಗಿ ಕಾರು ಜಾಕಿಯಿಂದ ಹಾರಿ ಮುಂದೆ ನುಗ್ಗುತ್ತದೆ. ಪಂಕ್ಚರ್ ಅಂಗಡಿಯವರಿಗೂ, ನಿಮ್ಮ ಮೆಕ್ಯಾನಿಕ್‌ಗೂ ಇದನ್ನು ಬಾಯಿಬಿಟ್ಟು ಹೇಳಿ.

ಆಕ್ಸಿಲರೇಟರ್ ಒತ್ತಿದಾಗ ಮಾತ್ರ, ಅಥವಾ ಬಿಟ್ಟಾಗ ಮಾತ್ರ ಊಳಿಡುವ ಸದ್ದು ಬಂದರೆ ಹಲ್ಲಿನ ಹೊಂದಾಣಿಕೆ ತಪ್ಪಿದೆ. ಓಡಿಸುತ್ತಾ ಹೋದರೆ ತಾನಾಗಿ ಸರಿಹೋಗುವುದಿಲ್ಲ, ಕ್ರೌನ್–ಪಿನಿಯನ್ ಹಾಳಾಗುತ್ತದೆ. ಒಂದೇ ಸಮನೆ ಗುಂಯ್ ಅನ್ನುವ ಸದ್ದು ವೇಗದ ಜೊತೆ ಏರಿದರೆ ಬೇರಿಂಗ್ ನೋಡಿಸಿ. ಗೇರ್ ಹಾಕುವಾಗ ಹಿಂದೆ ಟಣ್ ಅಂದರೆ ಬ್ಯಾಕ್‌ಲ್ಯಾಶ್ ಜಾಸ್ತಿ ಇರಬಹುದು, ಡಿಫ್ ಮೌಂಟಿಂಗ್ ಬುಷ್ ಹೋಗಿರಬಹುದು. ಮೊದಲು ಬುಷ್ ನೋಡಿ, ಅದು ಅಗ್ಗ. ತಣ್ಣಗಿರುವಾಗ ಪ್ಲೇಟ್ ಡಿಫ್ ಸ್ವಲ್ಪ ಕಟಕಟ ಅನ್ನುವುದು ಮಾಮೂಲಿ. ಬಿಸಿಯಾದ ಮೇಲೂ ಅದೇ ಸದ್ದು ಇದ್ದರೆ ಆಯಿಲ್ ತಪ್ಪಾಗಿದೆ ಅಥವಾ ಮುಗಿದಿದೆ.

ಸ್ಟೆಪ್ನಿ ಸಣ್ಣ ಸೈಜಿನದ್ದಾಗಿದ್ದರೆ ಅದನ್ನು ಹಿಂದೆ ಹಾಕಬೇಡಿ. ಹಿಂದಿನದು ಪಂಕ್ಚರ್ ಆದರೆ ಮುಂದಿನ ಚಕ್ರ ಹಿಂದಕ್ಕೆ, ಸ್ಟೆಪ್ನಿ ಮುಂದಕ್ಕೆ. ಮುಂದೆ ಹಿಂದೆ ಬೇರೆ ಬೇರೆ ಸೈಜು ಇರುವ ಕಾರಾದರೆ ಹತ್ತಿರದ ಪಂಕ್ಚರ್ ಅಂಗಡಿವರೆಗೆ ಮಾತ್ರ, ನಿಧಾನವಾಗಿ. ಎರಡು ಹಿಂಚಕ್ರದ ಸೈಜಿನಲ್ಲಿ ವ್ಯತ್ಯಾಸ ಇದ್ದರೆ ನೆಟ್ಟಗಿನ ರಸ್ತೆಯಲ್ಲೂ ಡಿಫ್ ಒಂದೇ ಸಮ ಉಜ್ಜುತ್ತಾ ಕಾಯುತ್ತದೆ.

ಇನ್ನು 500 ಕಿಲೋಮೀಟರ್‌ನ ಆಯಿಲ್ ಇಳಿಸಿದಾಗ ಪ್ಲಗ್‌ನ ಮ್ಯಾಗ್ನೆಟ್ ಬೆರಳಲ್ಲಿ ಒರೆಸಿ ನೋಡಿ. ವಿಭೂತಿಯ ಹಾಗೆ ನುಣ್ಣಗಿನ ಬೂದು ಪೇಸ್ಟ್ ಅಂಟಿದರೆ ಚಿಂತೆ ಇಲ್ಲ, ಒರೆಸಿ ಪ್ಲಗ್ ಹಾಕಿ. ಬೆರಳಿಗೆ ಚುಚ್ಚುವ ಚೂರು ಸಿಕ್ಕರೆ ಹೊಸ ಆಯಿಲ್ ತುಂಬಿಸಬೇಡಿ. ಆ ಚೂರನ್ನು ಕಾಗದದಲ್ಲಿ ಕಟ್ಟಿಟ್ಟುಕೊಂಡು ಮೇಸ್ತ್ರಿಗೆ ಫೋನ್ ಮಾಡಿ.